ಮಗು ಬಂತು, ಕೆಲಸ ಬದಲಾಯಿತು, ಲೈಬ್ರರಿ ಮಾತ್ರ ಕಾಯುತ್ತಾ ಕೂತಿದೆ. ಏನು ಮಾಡಲಿ?

ನಿದ್ದೆಗೆಟ್ಟವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಏಳು ವರ್ಷದಿಂದ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ, ಅಂದರೆ ಯಾರು ಬೇಕಾದರೂ ಎತ್ತಿ ಬಳಸಬಹುದಾದ ಕೋಡು. ಜನ ಹೇಗೆ ಹೇಗೋ ಬರೆದ ದಿನಾಂಕಗಳನ್ನು ಓದಿ ಸರಿಮಾಡಿ ಕೊಡುವ ಲೈಬ್ರರಿ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಎಳೆಯಲ್ಲೇ ಬಗ್ ವರದಿ ಬೀಳುತ್ತದೆ ಅಂತ ಗೊತ್ತು. ಶುರು ಮಾಡಿದಾಗ ಒಬ್ಬನೇ ಇದ್ದೆ. ಶನಿವಾರ, ಭಾನುವಾರ ಬೇರೆ ಕೆಲಸ ಇರಲಿಲ್ಲ. ಈಗ ಮಗುವಿಗೆ ನಾಲ್ಕು ತಿಂಗಳು. ಹೋದ ತಿಂಗಳು ಹೊಸ ಕೆಲಸಕ್ಕೆ ಸೇರಿದೆ. ಅಪ್ಪನನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಲೈಬ್ರರಿಗೆ ಇದ್ಯಾವುದೂ ಗೊತ್ತಿಲ್ಲ. ಅದರ ಪಾಡಿಗೆ ಅದು ಇಶ್ಯೂ ಪೇರಿಸುತ್ತಾ ಹೋಗುತ್ತಿದೆ. ಸದ್ಯಕ್ಕೆ 140 ಇಶ್ಯೂ (ಬಳಸುವವರ ದೂರು, ಪ್ರಶ್ನೆ), 31 ಪಿಆರ್ (ಸೇರಿಸಿಕೊಳ್ಳಿ ಅಂತ ಬೇರೆಯವರು ಕಳಿಸಿದ ಕೋಡ್ ಬದಲಾವಣೆ).

ಹೋದ ವಾರ ನಡೆದದ್ದು ಹೇಳುತ್ತೇನೆ. ರಾತ್ರಿ ಎರಡೂ ಮುಕ್ಕಾಲು. ಮಗು ಎಡ ಹೆಗಲ ಮೇಲೆ. ಕೆಳಗೆ ಮಲಗಿಸಿದರೆ ಎಚ್ಚರ. ಬಲಗೈಯಲ್ಲಿ ಫೋನು. ಒಂದು ಪಿಆರ್ ಕಣ್ಣಿಗೆ ಬಿತ್ತು. ನಾಲ್ಕೇ ಸಾಲು, ಟೆಸ್ಟೆಲ್ಲ ಹಸಿರು, ಅಂದರೆ ಪಾಸು. ಹೆಬ್ಬೆರಳಲ್ಲಿ ಮರ್ಜ್ ಒತ್ತಿ ಅದನ್ನು ಲೈಬ್ರರಿಗೆ ಸೇರಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ತಿಂಗಳುಗಟ್ಟಲೆ ಏನೂ ಹೊರಬಂದಿಲ್ಲವಲ್ಲ ಅಂತ ಹೊಸ ಆವೃತ್ತಿಯನ್ನೂ ಬಿಟ್ಟೆ. ಆಮೇಲೆ ನೆಮ್ಮದಿಯಾಗಿ ನಿದ್ದೆ ಬಂತು, ನೋಡಿ.

ಬೆಳಗ್ಗೆ ಎದ್ದರೆ ಹನ್ನೊಂದು ಜನ ಬೈದಿದ್ದಾರೆ. ಆ ನಾಲ್ಕು ಸಾಲಿನಲ್ಲಿ ಕ್ಯಾಲೆಂಡರ್ ವರ್ಷದ ಜಾಗಕ್ಕೆ ವಾರದ ಲೆಕ್ಕದ ವರ್ಷ ಬಂದು ಕೂತಿತ್ತು (ಆ ಲೆಕ್ಕದಲ್ಲಿ ಡಿಸೆಂಬರಿನ ಕೊನೇ ದಿನಗಳು ಮುಂದಿನ ವರ್ಷದ ಮೊದಲ ವಾರಕ್ಕೆ ಸೇರಬಹುದು). ವರ್ಷವಿಡೀ ಎರಡೂ ಒಂದೇ ಥರ ಕಾಣುತ್ತವೆ, ವರ್ಷದ ಅಂಚಿನಲ್ಲಿ ಮಾತ್ರ ಕೈಕೊಡುತ್ತವೆ. 2024ರ ಡಿಸೆಂಬರ್ 30 ಕೊಟ್ಟರೆ 2025ರ ಡಿಸೆಂಬರ್ 30 ಅಂತ ಹೊರಗೆ ಬರುತ್ತಿತ್ತು. ಏಳು ವರ್ಷದಲ್ಲಿ ಈ ತಪ್ಪನ್ನು ಬೇರೆಯವರ ಪಿಆರ್‌ಗಳಲ್ಲಿ ನಾನೇ ಮೂರು ಸಲ ಹಿಡಿದಿದ್ದೇನೆ.

ಮುಚ್ಚಿಬಿಡಲಾ? ಯಾರಿಗಾದರೂ ಕೊಡಲಾ? ಸುಮ್ನೆ ನೋಟಿಫಿಕೇಶನ್ ಆಫ್ ಮಾಡಿ ಕೂರಲಾ? ಹೆಂಡತಿ ಇದರ ಬಗ್ಗೆ ಏನೂ ಹೇಳುವುದಿಲ್ಲ. ಅದೇ ಜಾಸ್ತಿ ಕಷ್ಟ.

ಹಳೇ ಪ್ಯಾಕೇಜರ್

ಮೊದಲು ಮಗುವಿಗೆ ಅಭಿನಂದನೆ. ಅದನ್ನು ಯಾರಾದರೂ ಹೇಳಬೇಕಲ್ಲ.

ನಾನು ಡೆಬಿಯನ್‌ನಲ್ಲಿ ತುಂಬಾ ವರ್ಷ ಪ್ಯಾಕೇಜು ಕಟ್ಟಿದವನು, ಅಂದರೆ ಆ ಲಿನಕ್ಸ್ ವ್ಯವಸ್ಥೆಗೆ ಬೇರೆ ಬೇರೆ ತಂತ್ರಾಂಶ ಜೋಡಿಸಿಕೊಟ್ಟವನು. ಅಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ‘ಇರುವುದು’ ಮತ್ತು ‘ಬಿಡುವುದು’ ಇವೆರಡರ ನಡುವೆ ಮೆಟ್ಟಿಲುಗಳಿವೆ. ಮೊದಲನೆಯದು ಆರ್‌ಎಫ್‌ಎಚ್: ಪ್ಯಾಕೇಜು ನನ್ನದೇ, ಕೈಜೋಡಿಸಲು ಜನ ಬೇಕು. ಎರಡನೆಯದು ಆರ್‌ಎಫ್‌ಎ: ಯಾರಾದರೂ ವಹಿಸಿಕೊಳ್ಳಿ, ಅಲ್ಲಿಯವರೆಗೆ ನಾನೇ ನೋಡಿಕೊಳ್ಳುತ್ತೇನೆ. ಕೊನೆಯದು ಬರೀ ಓ ಅಕ್ಷರ, ಅನಾಥ ಅಂತ ಅರ್ಥ. ಪರ್ಲ್ ಭಾಷೆಯ ಲೈಬ್ರರಿ ಭಂಡಾರ ಸಿಪ್ಯಾನ್‌ನಲ್ಲೂ ಹೀಗೇ: ನೀಡ್‌ಹೆಲ್ಪ್, ಹ್ಯಾಂಡ್‌ಆಫ್, ಅಡಾಪ್ಟ್‌ಮಿ. ಬೇರೆ ಬೇರೆ ಊರಿನವರು ಒಂದೇ ಮೂರು ಮೆಟ್ಟಿಲು ಕಟ್ಟಿಕೊಂಡಿದ್ದಾರೆ ಅಂದರೆ ಇದು ನಿಮ್ಮೊಬ್ಬರ ಕಷ್ಟ ಅಲ್ಲ.

ನೀವು ಈಗ ನಿಂತಿರುವುದು ಮೊದಲನೇ ಮೆಟ್ಟಿಲಲ್ಲಿ. ಯೋಚಿಸುತ್ತಿರುವುದು ಮಾತ್ರ ಮೂರನೆಯದರ ಬಗ್ಗೆ.

ನಾನು ಮನೆ ಬದಲಾಯಿಸಿ ಬೇರೆ ದೇಶಕ್ಕೆ ಹೋದಾಗ ಐದು ಪ್ಯಾಕೇಜಿಗೆ ಆರ್‌ಎಫ್‌ಎ ಹಾಕಿದೆ. ಮೂರನ್ನು ಒಂದು ತಿಂಗಳಲ್ಲಿ ಯಾರೋ ತೆಗೆದುಕೊಂಡರು. ನಾಲ್ಕನೆಯದು ಒಂದು ವರ್ಷ ಕಾಯಿತು. ಇನ್ನೊಂದನ್ನು ಯಾರೂ ಮುಟ್ಟಲೇ ಇಲ್ಲ, ಕೊನೆಗೆ ತೆಗೆದುಹಾಕಿದರು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಬಳಸುತ್ತಿದ್ದವನು ನಾನೊಬ್ಬನೇ ಅಂತಲೂ ಆಗಲೇ ಗೊತ್ತಾಯಿತು!

ಹೇಳದೆ ಕೇಳದೆ ಸುಮ್ಮನಾದವರನ್ನು ವಿಚಾರಿಸಲು ಅಲ್ಲಿ ಒಂದು ತಂಡವೇ ಇದೆ, ಎಂಐಎ (ಮಿಸ್ಸಿಂಗ್ ಇನ್ ಆ್ಯಕ್ಷನ್, ಕಾಣೆಯಾದವರು) ತಂಡ ಅಂತ. ಹೆಸರು ಪೊಲೀಸರ ಥರ ಇದೆ. ಆದರೆ ಅವರು ಮೊದಲು ಕೇಳುವುದು ಇನ್ನೂ ಈ ಕೆಲಸದಲ್ಲಿ ಇದ್ದೀರಾ, ಸಮಯ ಆಗುತ್ತದೆಯಾ ಅಂತ. ನನಗೂ ಒಮ್ಮೆ ಬಂದಿತ್ತು. ಉತ್ತರ ಬರೆಯಲು ಮೂರು ದಿನ ಬೇಕಾಯಿತು, ಬರೆದದ್ದು ಎರಡು ಸಾಲು.

ಎರಡು ವರ್ಷ ಮಾಯ

ನೋಟಿಫಿಕೇಶನ್ ಆಫ್ ಮಾಡಿ ಕೂರಲಾ ಅಂತ ಕೇಳಿದ್ದೀರಲ್ಲ. ಕೂತವಳು ನಾನು. ಹೇಗಿರುತ್ತದೆ ಅಂತ ಹೇಳುತ್ತೇನೆ.

ಒಂದು ಪ್ರಾಜೆಕ್ಟಿನ ಡಾಕ್ಯುಮೆಂಟೇಶನ್ ನೋಡಿಕೊಳ್ಳುತ್ತಿದ್ದೆ. ಆರೋಗ್ಯ ಕೆಟ್ಟಿತು. ಮೊದಲ ವಾರ ‘ನಾಳೆ ನೋಡೋಣ’ ಅಂದುಕೊಂಡೆ. ಎರಡನೇ ವಾರ ಪ್ರಾಜೆಕ್ಟಿನ ಮೇಲ್‌ಗಳು ಬೇರೆ ಫೋಲ್ಡರಿಗೆ ಹೋಗುವ ಹಾಗೆ ಮಾಡಿದೆ. ಆರನೇ ವಾರ ಆ ಫೋಲ್ಡರಿನ ಪಕ್ಕದ ಸಂಖ್ಯೆ ನೋಡಿದರೇ ಹೊಟ್ಟೆಯಲ್ಲಿ ಸಂಕಟ. ಮೂರು ತಿಂಗಳಾದ ಮೇಲೆ ಪ್ರಶ್ನೆ ‘ಕೆಲಸ ಹೇಗೆ ಮುಗಿಸಲಿ’ ಅಂತ ಉಳಿಯುವುದಿಲ್ಲ, ‘ಏನಂತ ಮುಖ ತೋರಿಸಲಿ’ ಅಂತ ಆಗಿಬಿಡುತ್ತದೆ. ತಡವಾದಷ್ಟೂ ಕ್ಷಮೆ ಕೇಳುವ ಮೇಲ್ ಉದ್ದವಾಗಬೇಕು ಅನ್ನಿಸುತ್ತದೆ. ಉದ್ದ ಬರೆಯಲು ಶಕ್ತಿ ಇಲ್ಲ. ಹಾಗೇ ಎರಡು ವರ್ಷ.

ವಾಪಸ್ ಹೋದಾಗ ಯಾರೂ ಕೋಪಿಸಿಕೊಂಡಿರಲಿಲ್ಲ. ಆರಾಮಾಗಿದ್ದೀರಾ ಅಂತ ಕೇಳಿದರು. ಆದರೆ ಹಳೇ ಪಿಆರ್‌ಗಳನ್ನು ನೋಡುತ್ತಾ ಹೋದೆ. ಹೊಸದಾಗಿ ಬಂದ ಒಬ್ಬರು ಇಡೀ ಒಂದು ಅಧ್ಯಾಯ ತಿದ್ದಿ ಕಳಿಸಿದ್ದರು. ಒಂಬತ್ತು ತಿಂಗಳು ಕಾದಿದ್ದರು. ನಾಲ್ಕು ಸಲ ವಿನಯವಾಗಿ ಕೇಳಿದ್ದರು. ಐದನೇ ಸಲ ‘ಪರವಾಗಿಲ್ಲ’ ಅಂತ ಬರೆದು ತಾವೇ ಮುಚ್ಚಿದ್ದರು. ಅವರು ಮತ್ತೆ ಬರಲಿಲ್ಲ. ನಾನು ಹೋಗಿದ್ದರಿಂದ ನಷ್ಟವಾಗಲಿಲ್ಲ. ಹೋಗಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲವಲ್ಲ, ನಷ್ಟ ಅಲ್ಲಿ ಆಯಿತು.

ಈಗ ನಾನು ಒಂದು ಸಿದ್ಧ ಬರಹ ಇಟ್ಟುಕೊಂಡಿದ್ದೇನೆ. ಬೇಕಾದರೆ ಹಾಗೇ ಎತ್ತಿಕೊಳ್ಳಿ:

‘ಮನೆಯ ಕಾರಣಕ್ಕೆ ಇಂಥ ತಿಂಗಳವರೆಗೆ ಈ ಪ್ರಾಜೆಕ್ಟಿಗೆ ನನ್ನಿಂದ ಸಮಯ ಕೊಡಲು ಆಗುವುದಿಲ್ಲ. ಭದ್ರತೆಯ ದೋಷ ಇದ್ದರೆ ಈ ವಿಳಾಸಕ್ಕೆ ಬರೆಯಿರಿ, ಅದನ್ನು ಮಾತ್ರ ನೋಡುತ್ತೇನೆ. ಉಳಿದ ಪಿಆರ್‌ಗಳಿಗೆ ಉತ್ತರ ಬರದಿದ್ದರೆ ಅದು ನಿಮ್ಮ ಕೆಲಸದ ಮೇಲಿನ ಅಭಿಪ್ರಾಯ ಅಲ್ಲ.’

ಕಾರಣ ಬಿಡಿಸಿ ಹೇಳಬೇಕಿಲ್ಲ. ತಿಂಗಳ ಹೆಸರು ಮಾತ್ರ ಬೇಕೇ ಬೇಕು.

ಸುಮ್ನೆ ಓದುವವ

ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ನಿಮ್ಮದು ಯಾವ ಲೈಸೆನ್ಸು? ಎಂಐಟಿ ಇರಬೇಕು. ಒಮ್ಮೆ ತೆಗೆದು ಓದಿ. ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇನೆ, ಯಾವ ಖಾತರಿಯೂ ಇಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದಿದೆ. ನೀವು ಯಾರಿಗೂ ಸಾಲಗಾರರಲ್ಲ. ಬೈದ ಹನ್ನೊಂದು ಜನ ನಿಮಗೆ ಏನು ಕೊಟ್ಟಿದ್ದಾರೆ?

ಗಿಟ್‌ಹಬ್‌ನಲ್ಲಿ (ಕೋಡ್ ಇಡುವ ತಾಣ) ಆರ್ಕೈವ್ ಬಟನ್ ಇದೆ. ಒತ್ತಿದರೆ ಕೋಡ್ ಅಲ್ಲೇ ಇರುತ್ತದೆ, ಬೇಕಾದವರು ಫೋರ್ಕ್ (ತಮ್ಮದೇ ಪ್ರತಿ) ಮಾಡಿಕೊಳ್ಳುತ್ತಾರೆ, ಹೊಸ ಇಶ್ಯೂ ಯಾರೂ ಹಾಕಲು ಆಗುವುದಿಲ್ಲ. ಮಗು ದೊಡ್ಡದಾದ ಮೇಲೆ ಮನಸ್ಸಾದರೆ ಮತ್ತೆ ತೆರೆಯಬಹುದು. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಕೀಲಿಕೈ ಕಾವಲು

ಆರ್ಕೈವ್ ಮಾಡುವುದು ತಪ್ಪಲ್ಲ, ಒಪ್ಪುತ್ತೇನೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಸುಸ್ತಾದ ಹೊತ್ತಿನಲ್ಲಿ ಕೇಳಿದವರಿಗೆ ಕೀಲಿಕೈ ಕೊಟ್ಟುಬಿಡುವುದು. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಸಲಹೆ ಕೊಡುವವರು ‘ಯಾರಿಗಾದರೂ ವಹಿಸಿಬಿಡಿ’ ಅನ್ನುವಷ್ಟು ಸುಲಭವಾಗಿ ಇದನ್ನು ಹೇಳುವುದಿಲ್ಲ.

2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ, ಜಾವಾಸ್ಕ್ರಿಪ್ಟ್ ಭಂಡಾರದಲ್ಲಿದ್ದ ಎನ್‌ಪಿಎಂ ಪ್ಯಾಕೇಜು. ಬರೆದವರು ಅದನ್ನು ತಾವೇ ಬಳಸುವುದು ಬಿಟ್ಟಿದ್ದರು. ಗೊತ್ತಿಲ್ಲದ ಒಬ್ಬರು ಮೇಲ್ ಮಾಡಿ ‘ನಾನು ನೋಡಿಕೊಳ್ಳುತ್ತೇನೆ’ ಅಂದರು. ಕೊಟ್ಟರು. ಸ್ವಲ್ಪ ದಿನದಲ್ಲಿ ಅದರೊಳಗೆ ಬಿಟ್‌ಕಾಯಿನ್ ವ್ಯಾಲೆಟ್ ಒಂದರಿಂದ ಕದಿಯುವ ಕೋಡ್ ಬಂದು ಸೇರಿತು. ಕೊಟ್ಟವರು ಕೆಟ್ಟವರಲ್ಲ. ನಿಮ್ಮ ಥರ ಸಮಯ ಇಲ್ಲದವರು, ಅಷ್ಟೇ.

ಎಕ್ಸ್‌ಝಡ್ ಯುಟಿಲ್ಸ್ ಕಥೆ ಇನ್ನೂ ನೋವಿನದು. ಫೈಲು ಕುಗ್ಗಿಸುವ, ಒಬ್ಬರೇ ನಡೆಸುತ್ತಿದ್ದ ಪ್ರಾಜೆಕ್ಟು. 2022ರಲ್ಲಿ ಮೇಲಿಂಗ್ ಲಿಸ್ಟಿನಲ್ಲಿ ಯಾರು ಯಾರೋ ಬಂದು ‘ಏಕೆ ಇಷ್ಟು ನಿಧಾನ, ಬೇರೆಯವರಿಗೆ ಕೊಡಿ’ ಅಂತ ಒತ್ತಿದರು. ತನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅಂತ ಅದನ್ನು ನಡೆಸುತ್ತಿದ್ದ ಮೇಂಟೇನರ್ ಅಲ್ಲೇ ಬರೆದಿದ್ದರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ತಾಳ್ಮೆಯಿಂದ ಒಳ್ಳೊಳ್ಳೆ ಪ್ಯಾಚು (ಕೋಡ್ ತಿದ್ದುಪಡಿ) ಕಳಿಸುತ್ತಿದ್ದರು. ಎರಡು ವರ್ಷಕ್ಕೂ ಹೆಚ್ಚು ಹೀಗೇ ನಡೆಯಿತು. 2024ರ ಫೆಬ್ರವರಿಯ 5.6.0 ಆವೃತ್ತಿ, ಆಮೇಲೆ 5.6.1, ಎರಡರಲ್ಲೂ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡು ನಿಧಾನವಾಗಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿ ನೋಡದಿದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ.

ಹಾಗಾಗಿ ‘ಆರು ತಿಂಗಳು ನೋಡಿ, ಒಳ್ಳೆಯವರಾದರೆ ಕೊಡಿ’ ಅನ್ನುವ ಮಾತೂ ಸಾಲದು. ನನ್ನ ಸಲಹೆ ಇಷ್ಟೇ: ಎಲ್ಲ ಕೀಲಿಕೈ ಒಂದೇ ಗೊಂಚಲಲ್ಲಿ ಇಡಬೇಡಿ. ಇಶ್ಯೂ ವಿಂಗಡಿಸುವ ಅಧಿಕಾರ ಬೇರೆ. ಅದನ್ನು ಧಾರಾಳವಾಗಿ ಕೊಡಿ, ಕೆಟ್ಟರೆ ಸರಿಮಾಡಬಹುದು. ಮರ್ಜ್ ಮಾಡುವ ಅಧಿಕಾರ ಬೇರೆ. ಹೊಸ ಆವೃತ್ತಿ ಹೊರಬಿಡುವ ಅಧಿಕಾರ ಅದಕ್ಕಿಂತ ಬೇರೆ. ಅದು ನಿಮ್ಮ ಹತ್ತಿರ ಮತ್ತು ನೀವು ಮುಖತಃ ಬಲ್ಲ ಇನ್ನೊಬ್ಬರ ಹತ್ತಿರ ಇರಲಿ. ‘ಬೇಗ ಕೊಡಿ’ ಅಂತ ಒತ್ತಾಯ ಮಾಡುವವರಿಗೆ ಕೊನೆಗೆ ಕೊಡಿ. ಅಥವಾ ಕೊಡಲೇಬೇಡಿ.

ನಿದ್ದೆಗೆಟ್ಟವ

ಎಲ್ಲರಿಗೂ ಥ್ಯಾಂಕ್ಸ್. ಬಲಗೈಯಲ್ಲೇ ಟೈಪ್ ಮಾಡುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಂದಿಸಿಕೊಳ್ಳಿ.

@ಸುಮ್ನೆ ಓದುವವ, ಲೈಸೆನ್ಸ್ ವಿಷಯ ಸರಿಯೇ. ನ್ಯಾಯವಾಗಿ ನನಗೆ ಯಾವ ಹಂಗೂ ಇಲ್ಲ. ಆದರೂ ನನಗೆ ಈ ಕೆಲಸ ಇಷ್ಟ ಸಾರ್. ಅದನ್ನೇ ಹೇಳಲು ಮರೆತಿದ್ದೆ ಅನ್ನಿಸುತ್ತದೆ. ಬಿಡಬೇಕು ಅಂತ ಇಲ್ಲ, ಹೀಗೆ ಮಾಡಲು ಆಗುತ್ತಿಲ್ಲ.

ಇನ್ನೊಂದು ತಲೆನೋವು. ಹೊಸ ಕಂಪನಿಯ ಕರಾರಿನಲ್ಲಿ ನಾನು ಬರೆಯುವ ಎಲ್ಲ ಕೋಡೂ ಅವರದ್ದು ಅನ್ನುವ ಥರ ಒಂದು ಸಾಲಿದೆ. ಸಹಿ ಹಾಕುವಾಗ ಓದಿದೆ, ಆದರೆ ಓದಲಿಲ್ಲ. ಅರ್ಥವಾಯಿತಲ್ಲ?

ಕಾಗದ ಓದುವವಳು

ಅರ್ಥವಾಯಿತು! ಎಲ್ಲರೂ ಹಾಗೇ ಓದುವುದು.

ಇದನ್ನು ಮುಂದಕ್ಕೆ ಹಾಕಬೇಡಿ. ಉಳಿದದ್ದೆಲ್ಲ ಕಾಯಬಹುದು. ಕೆಲಸದ ಹೊತ್ತಿನ ಆಚೆ, ಸ್ವಂತ ಯಂತ್ರದಲ್ಲಿ ಬರೆದದ್ದು ಯಾರದ್ದು ಅನ್ನುವುದಕ್ಕೆ ದೇಶದಿಂದ ದೇಶಕ್ಕೆ, ಕರಾರಿನಿಂದ ಕರಾರಿಗೆ ಉತ್ತರ ಬೇರೆ. ಇಲ್ಲಿ ಯಾರೋ ಹೇಳಿದ್ದನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಕಂಪನಿಗೇ ಬರೆದು ಕೇಳಿ: ಈ ಹೆಸರಿನ ಪ್ರಾಜೆಕ್ಟು, ಇಂಥ ವರ್ಷದಿಂದ ನಡೆಸುತ್ತಿದ್ದೇನೆ, ಮುಂದುವರಿಸಲು ನಿಮ್ಮ ಒಪ್ಪಿಗೆ ಬೇಕು. ಮ್ಯಾನೇಜರ್ ಬಾಯಲ್ಲಿ ‘ಅಯ್ಯೋ ಮಾಡಿ, ಅದಕ್ಕೇನು’ ಅಂದರೆ ಸಾಲದು. ಮ್ಯಾನೇಜರೂ ಕೆಲಸ ಬದಲಾಯಿಸುತ್ತಾರೆ. ಬರಹದಲ್ಲಿ ಬೇಕು.

ಉತ್ತರ ಬರುವ ತನಕ ಒಂದು ಸಾಲು ಕೋಡೂ ಹಾಕಬೇಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಂತೂ ಯಾವತ್ತೂ ಬೇಡ. ಲಿನಕ್ಸ್ ಕರ್ನಲ್‌ನಲ್ಲಿ (ಲಿನಕ್ಸ್ ವ್ಯವಸ್ಥೆಯ ತಿರುಳು) 2004ರಿಂದ ಪ್ರತಿ ಪ್ಯಾಚಿನ ಕೆಳಗೆ ಸೈನ್ಡ್-ಆಫ್-ಬೈ ಸಾಲು ಹಾಕಿಸುವುದು ಇದಕ್ಕೇ. ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ನೀವು ಮಾತು ಕೊಡುತ್ತಿದ್ದೀರಿ. ಹಕ್ಕು ಕಂಪನಿಯದ್ದಾಗಿದ್ದರೆ ಆ ಮಾತೇ ಸುಳ್ಳಾಗುತ್ತದೆ, ಬಳಸುವವರಿಗೂ ತೊಂದರೆ.

ಅಂದಹಾಗೆ, ಉತ್ತರಕ್ಕೆ ಕಾಯುವ ಆ ದಿನಗಳು ನಿಮಗೆ ಸಿಕ್ಕ ಒಳ್ಳೇ ರಜೆ.

ಬಳಸುವವನು

ನಾನು ಈ ಕಡೆಯವನು. ಕೋಡ್ ಕೊಟ್ಟವನಲ್ಲ, ಬಳಸುವವನು. ‘ಏನಾದರೂ ಸುದ್ದಿ ಇದೆಯಾ?’ ಅಂತ ಇಶ್ಯೂ ಕೆಳಗೆ ಬರೆಯುವ ಜನ ಇರುತ್ತಾರಲ್ಲ, ಅವರಲ್ಲಿ ನಾನೂ ಒಬ್ಬ. ಬರೆಯುವಾಗ ಆ ಕಡೆ ಒಂದು ತಂಡ, ಒಂದು ಆಫೀಸು ಇದೆ ಅನ್ನುವ ಭಾವನೆ. ಹೆಗಲ ಮೇಲೆ ಮಗು ಇರಬಹುದು ಅಂತ ಯಾವತ್ತೂ ಹೊಳೆದಿರಲಿಲ್ಲ.

ನಮ್ಮಲ್ಲಿ ಬಳಸುವ ಒಂದು ಲೈಬ್ರರಿಯ ಮುಖಪುಟದಲ್ಲಿ ಹೋದ ವರ್ಷ ಒಂದು ಸಾಲು ಬಂತು: ಮಾರ್ಚ್‌ವರೆಗೆ ನಿಧಾನ. ನಾವು ಮಾಡಿದ್ದು ಇಷ್ಟೇ. ಬಳಸುತ್ತಿದ್ದ ಆವೃತ್ತಿಯಲ್ಲೇ ನಿಂತೆವು, ಕೇಳುವುದು ನಿಲ್ಲಿಸಿದೆವು, ನಮಗೆ ಬೇಕಿದ್ದ ತಿದ್ದುಪಡಿಯನ್ನು ನಮ್ಮ ಪ್ರತಿಯಲ್ಲೇ ಮಾಡಿಕೊಂಡೆವು. ಯಾರಿಗೂ ಕೋಪ ಬರಲಿಲ್ಲ. ಗೊತ್ತಿದ್ದರೆ ನಾವೂ ಮನುಷ್ಯರ ಹಾಗೇ ನಡೆದುಕೊಳ್ಳುತ್ತೇವೆ ಸಾರ್.

ದುಡ್ಡಿನ ವಿಷಯ ಎತ್ತಿದರೆ ಎಳೆ ಬೇರೆ ಕಡೆ ಹೋಗುತ್ತದೆ. ಆದರೂ ಒಂದು ಮಾತು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಂದಾಗ ಗೊತ್ತಾದದ್ದು: ಇಂಟರ್ನೆಟ್ಟಿನ ದೊಡ್ಡ ಪಾಲು ನೆಚ್ಚಿಕೊಂಡಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ತಿ ಹೊತ್ತು ದುಡಿಯುತ್ತಿದ್ದವರು ಒಬ್ಬರು. ಅದು ಗೊತ್ತಾದ ಮೇಲೂ ನಾವು ‘ಏನಾದರೂ ಸುದ್ದಿ ಇದೆಯಾ’ ಅಂತ ಬರೆಯುತ್ತಲೇ ಇದ್ದೇವೆ.

ಇನ್ನೊಬ್ಬ ಅಪ್ಪ

ಮರ್ಜ್ ಒತ್ತಿದಿರಲ್ಲ, ಫೋನಿನಿಂದ ಆ ಆಪ್ ತೆಗೆದುಹಾಕಿ. ಇವತ್ತೇ. ಉಳಿದದ್ದು ಆಮೇಲೆ ಓದಿ.

ತೆಗೆದಿರಾ? ಸರಿ.

ದೊಡ್ಡ ದೊಡ್ಡವರೂ ಪಕ್ಕಕ್ಕೆ ಸರಿದಿದ್ದಾರೆ ಅಂತ ಇಂಥ ಎಳೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೇ ಹೇಳಿಬಿಡುತ್ತೇನೆ. 2018ರ ಜುಲೈನಲ್ಲಿ ಪೈಥಾನ್ ಭಾಷೆ ಹುಟ್ಟುಹಾಕಿದ ಗೈಡೋ ವಾನ್ ರೋಸಮ್ ಅದರ ಕೊನೇ ಮಾತು ಹೇಳುವ ಸ್ಥಾನ ಬಿಟ್ಟರು. 2019ರಲ್ಲಿ ಐದು ಜನರ ಸಮಿತಿ ಆಯ್ಕೆಯಾಯಿತು, ಪೈಥಾನ್ ನಡೆದುಕೊಂಡು ಹೋಯಿತು. ಅದೇ 2018ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಸ್ವಲ್ಪ ದಿನ ಬಿಡುವು ತೆಗೆದುಕೊಂಡರು. 4.19 ಕರ್ನಲ್ಲನ್ನು ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಹೊರತಂದರು. ಕೇಳಲು ಚೆನ್ನಾಗಿದೆ. ಆದರೆ ಅವರ ಹಿಂದೆ ಗ್ರೆಗ್ ಇದ್ದರು. ನಮ್ಮ ಹಿಂದೆ ನೋಡಿದರೆ ಗೋಡೆ.

ನನ್ನ ಗೋಡೆಯಲ್ಲಿ ಬಾಗಿಲು ಬಂದದ್ದು ಹೀಗೆ. ಮಗಳು ಹುಟ್ಟುವ ಎರಡು ತಿಂಗಳು ಮುಂಚೆ ಒಂದು ಹೊಸ ಆವೃತ್ತಿ ಬಿಡುವಾಗ, ನಾನು ಮಾಡಿದ ಪ್ರತಿಯೊಂದನ್ನೂ ಒಂದು ಫೈಲಿನಲ್ಲಿ ಬರೆಯುತ್ತಾ ಹೋದೆ. 23 ಹೆಜ್ಜೆ ಆಯಿತು. ಅದರಲ್ಲಿ 9 ಎಲ್ಲೂ ಬರೆದಿರಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಇದ್ದವು. ‘ಈ ಟೆಸ್ಟು ಒಮ್ಮೊಮ್ಮೆ ಸುಮ್ಸುಮ್ನೆ ಬೀಳುತ್ತದೆ, ಮತ್ತೆ ಓಡಿಸಿ’ ಅನ್ನುವುದೂ ಒಂದು ಹೆಜ್ಜೆ. ಅದನ್ನು ಬರೆಯಲು ನಾಚಿಕೆಯಾಯಿತು. ಬರೆದೆ. ಮುಂದಿನ ಸಲ ಇನ್ನೊಬ್ಬರು ಆ ಫೈಲು ನೋಡಿಕೊಂಡು ಮಾಡಿದರು, ಎರಡು ಕಡೆ ಎಡವಿದರು, ಅದನ್ನೂ ಅವರೇ ಸೇರಿಸಿದರು. ಮೂರನೇ ಸಲ ನನ್ನನ್ನು ಏನೂ ಕೇಳಲಿಲ್ಲ.

ಇನ್ನೊಂದು: ‘ಸಮಯ ಸಿಕ್ಕಾಗ ಮಾಡುತ್ತೇನೆ’ ಅಂತ ಮಾತ್ರ ಇಟ್ಟುಕೊಳ್ಳಬೇಡಿ. ಸಮಯ ಸಿಗುವುದೇ ರಾತ್ರಿ ಎರಡೂ ಮುಕ್ಕಾಲಿಗೆ. ನನಗೆ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಎರಡು ಗಂಟೆ ಇದೆ. ಹೆಂಡತಿಗೆ ಗೊತ್ತು, ಪ್ರಾಜೆಕ್ಟಿನವರಿಗೂ ಗೊತ್ತು. ಉಳಿದ ದಿನ ನೋಡುವುದಿಲ್ಲ. ಆ ಭಾನುವಾರ ಮಗಳಿಗೆ ಜ್ವರ ಬಂದರೆ ಮುಂದಿನ ತಿಂಗಳು. ನಿಮ್ಮ ಮನೆಯವರ ಹತ್ತಿರ ಒಮ್ಮೆ ಕೂತು ಮಾತಾಡಿ. ಅವರು ಏನೂ ಹೇಳುವುದಿಲ್ಲ ಅಂದಿರಲ್ಲ, ನೀವು ಕೇಳಿದ್ದೀರಾ?

ನಿದ್ದೆಗೆಟ್ಟವ

ಐದು ವಾರ ಆಯಿತು. ಯಾರಾದರೂ ಮುಂದೆ ಇದೇ ಹುಡುಕಿಕೊಂಡು ಬಂದರೆ ಸಿಗಲಿ ಅಂತ ಬರೆಯುತ್ತಿದ್ದೇನೆ.

ಕೇಳಿದೆ. ಲೈಬ್ರರಿಯ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಅಪ್ಪನ ಆಸ್ಪತ್ರೆಯಲ್ಲಿ ಕಾಯುವಾಗಲೂ ನಾನು ಫೋನಿನಲ್ಲೇ ಇರುತ್ತೇನೆ, ಅಪ್ಪ ಮಾತಾಡಿಸಿದರೆ ‘ಹೂಂ’ ಅನ್ನುತ್ತೇನೆ, ಅದು ಬೇಜಾರು. ನನಗೆ ಗೊತ್ತೇ ಇರಲಿಲ್ಲ.

@ಎರಡು ವರ್ಷ ಮಾಯ ಅಕ್ಕ, ನಿಮ್ಮ ಬರಹ ಹಾಗೇ ಎತ್ತಿಕೊಂಡೆ. ತಿಂಗಳ ಹೆಸರು ಹಾಕುವಾಗ ಕೈ ನಡುಗಿತು. ಆರು ತಿಂಗಳು ಮುಂದಿನದು ಹಾಕಿದೆ. ಒಬ್ಬರು ಮಾತ್ರ ‘ಇಷ್ಟು ಜನ ನೆಚ್ಚಿಕೊಂಡಿರುವಾಗ ಇದು ಬೇಜವಾಬ್ದಾರಿ’ ಅಂತ ಬರೆದರು. ಎರಡು ದಿನ ಅದೇ ತಲೆಯಲ್ಲಿ. ಆಮೇಲೆ ನೋಡಿದರೆ ಅವರು ಅದನ್ನು ಹತ್ತು ಪ್ರಾಜೆಕ್ಟುಗಳಲ್ಲಿ ಬರೆದಿದ್ದಾರೆ.

ಕಂಪನಿಯಿಂದ ಒಪ್ಪಿಗೆ ಬರಹದಲ್ಲಿ ಬಂತು, ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನ ಒಂದು ಸಾಲೂ ಮುಟ್ಟಲಿಲ್ಲ. ಏನೂ ಮುಳುಗಲಿಲ್ಲ, ಅದು ಸ್ವಲ್ಪ ಅವಮಾನವೂ ಆಯಿತು ಅನ್ನಿ.

ಸಹಾಯ ಬೇಕು ಅಂತ ಹಾಕಿದ್ದಕ್ಕೆ ಇಬ್ಬರು ಬಂದರು. ಒಬ್ಬರು ಆ ನಾಲ್ಕು ಸಾಲಿನ ಪಿಆರ್ ಬರೆದ ಹುಡುಗಿ, ಇನ್ನೂ ಓದುತ್ತಿದ್ದಾಳೆ. ಬೈಗುಳವೆಲ್ಲ ತನ್ನಿಂದಲೇ ಅಂತ ಅವಳು ಕೊರಗುತ್ತಿದ್ದಳಂತೆ. ಅವಳಿಗೂ ಟೆಸ್ಟು ಹಸಿರು ಕಂಡಿತ್ತು, ನನಗೂ. ಇಬ್ಬರಿಗೂ ಇಶ್ಯೂ ವಿಂಗಡಿಸುವ ಅಧಿಕಾರ ಕೊಟ್ಟಿದ್ದೇನೆ. 140ರಲ್ಲಿ 50ಕ್ಕೂ ಹೆಚ್ಚು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪ ಅಂತ ಅವರು ಕಂಡುಹಿಡಿದರು. ಹೊರಬಿಡುವ ಕೀಲಿಕೈ ನನ್ನ ಹತ್ತಿರ ಮತ್ತು ಕಾಲೇಜಿನ ಕಾಲದ ಒಬ್ಬ ಗೆಳೆಯನ ಹತ್ತಿರ ಇದೆ. ಅವನು ಈ ಲೈಬ್ರರಿ ಬಳಸುವುದೇ ಇಲ್ಲ, ಆದರೆ ಯಾವ ಒತ್ತಡಕ್ಕೂ ಜಗ್ಗುವವನಲ್ಲ.

23 ಹೆಜ್ಜೆಯ ಫೈಲು ಇನ್ನೂ ಬರೆದಿಲ್ಲ. ನನ್ನದು ಎಷ್ಟಾಗುತ್ತದೋ ಅಂತ ಭಯ.

ಹಳೇ ಪ್ಯಾಕೇಜರ್

ಸಂತೋಷ. ಒಂದೇ ಪ್ರಶ್ನೆ. ಆ ಡಿಸೆಂಬರ್ 30ರದ್ದಕ್ಕೆ ಟೆಸ್ಟು ಸೇರಿಸಿದಿರಾ?

ನಿದ್ದೆಗೆಟ್ಟವ

ಅವಳೇ ಸೇರಿಸಿದಳು. ಡಿಸೆಂಬರ್ 28ರಿಂದ ಜನವರಿ 4ರವರೆಗೆ, ನಲವತ್ತು ವರ್ಷದ್ದು. ಮೊನ್ನೆ ಭಾನುವಾರ ಹಗಲಲ್ಲಿ, ಲ್ಯಾಪ್‌ಟಾಪಿನಲ್ಲಿ, ಎರಡೂ ಕೈಯಲ್ಲಿ ಮರ್ಜ್ ಮಾಡಿದೆ.